ಉಕ್ಕಿಗೆ ತಕ್ಕ ಸಾಣೆ: ಚಾಕು ಹರಿತಗೊಳಿಸುವ ಸಮಗ್ರ ಮಾರ್ಗದರ್ಶಿ

ಒಂದೇ ಕಲ್ಲಿನ ಮೇಲೆ ಒಂದೇ ಕೈ ಮಸೆದ ಎರಡು ಚಾಕುಗಳಲ್ಲಿ ಒಂದು ಐದು ನಿಮಿಷಕ್ಕೆ ಕಾಗದವನ್ನು ಸದ್ದಿಲ್ಲದೆ ಸೀಳುತ್ತದೆ, ಇನ್ನೊಂದು ಅರ್ಧ ಗಂಟೆ ಉಜ್ಜಿದರೂ ಜಾರುತ್ತದೆ. ಆಗ ಹೆಚ್ಚಿನವರು ತಮ್ಮ ಕೈಯನ್ನೇ ದೂರುತ್ತಾರೆ. ಎಷ್ಟೋ ಸಲ ಕೈ ಸರಿಯಾಗಿಯೇ ಇರುತ್ತದೆ, ಆ ಉಕ್ಕಿಗೆ ಆ ಕಲ್ಲು ಹೊಂದಿರುವುದಿಲ್ಲ. ಮಸೆಯುವ ಚಲನೆ ಎಲ್ಲ ಚಾಕುಗಳಿಗೂ ಒಂದೇ. ಉಕ್ಕು ಬದಲಾದಂತೆ ಬದಲಾಗಬೇಕಾದವು ಮೂರು: ಕಲ್ಲಿನ ಜಾತಿ, ಅಂಚಿನ ಕೋನ, ಕೊನೆಯಲ್ಲಿ ಬರ್ (ಮಸೆಯುವಾಗ ಅಂಚಿನಾಚೆಗೆ ಬಾಗಿ ನಿಲ್ಲುವ ಲೋಹದ ತೆಳು ಎಳೆ) ತೆಗೆಯುವ ರೀತಿ. ಜನ ಹೆಚ್ಚಾಗಿ ಎಡವುವುದು ಮೂರನೆಯದರಲ್ಲಿ. ಹಾಗಾಗಿ ಅದಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದೆ.

ಉಕ್ಕಿನೊಳಗೆ ಏನಿದೆ

ಕಬ್ಬಿಣಕ್ಕೆ ಇಂಗಾಲ ಸೇರಿದರೆ ಉಕ್ಕು. ಅದನ್ನು ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಹದವಾಗಿ ಕಾಯಿಸಿದಾಗ ಚಾಕುವಿಗೆ ಬೇಕಾದ ಗಡಸುತನ ಬರುತ್ತದೆ. ಅದನ್ನು ರಾಕ್‌ವೆಲ್ ಸಿ ಮಾಪಕದಲ್ಲಿ ಅಳೆಯುತ್ತಾರೆ. ಚಾಕುಗಳೊಂದಿಗೆ ಬರುವ ಎಚ್‌ಆರ್‌ಸಿ ಸಂಖ್ಯೆ ಇದೇ. ಸಾಮಾನ್ಯ ಅಡುಗೆಮನೆ ಚಾಕು 54ರಿಂದ 57ರ ಆಸುಪಾಸು, ಜಪಾನಿ ಮಾದರಿಯ ಗಟ್ಟಿ ಚಾಕುಗಳು 60ರಿಂದ 65.

ಆದರೆ ಮಸೆಯುವವರಿಗೆ ಎಚ್‌ಆರ್‌ಸಿಗಿಂತ ಹೆಚ್ಚು ಕಾಡುವುದು ಕಾರ್ಬೈಡ್. ಇಂಗಾಲವು ಕ್ರೋಮಿಯಂ, ವೆನೇಡಿಯಂನಂಥ ಲೋಹಗಳ ಜೊತೆ ಕೂಡಿ ಉಕ್ಕಿನ ಒಡಲಲ್ಲಿ ಬಿಗಿಯಾದ ಕಣಗಳಾಗಿ ನಿಲ್ಲುತ್ತದೆ, ಮಣ್ಣಿನ ಗೋಡೆಯಲ್ಲಿ ಹುದುಗಿದ ಬೆಣಚು ಕಲ್ಲುಗಳ ಹಾಗೆ. ಗಡಸುತನದ ಇನ್ನೊಂದು ಮಾಪಕವಾದ ವಿಕರ್ಸ್‌ನಲ್ಲಿ ನೋಡಿದರೆ ಗಟ್ಟಿ ಚಾಕುವಿನ ಉಕ್ಕಿನ ಒಡಲು ಸುಮಾರು 700–800, ಕಬ್ಬಿಣದ ಕಾರ್ಬೈಡ್ ಸುಮಾರು 1000, ಕ್ರೋಮಿಯಂ ಕಾರ್ಬೈಡ್ 1500ರ ಆಚೀಚೆ, ವೆನೇಡಿಯಂ ಕಾರ್ಬೈಡ್ 2800ರ ಹತ್ತಿರ. ಈಗ ಕಲ್ಲಿನ ಕಡೆ ನೋಡಿ: ಅಲ್ಯುಮಿನಿಯಂ ಆಕ್ಸೈಡ್ ಸುಮಾರು 2100, ಸಿಲಿಕಾನ್ ಕಾರ್ಬೈಡ್ ಸುಮಾರು 2500, ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್) 4500ಕ್ಕೂ ಮೇಲೆ, ವಜ್ರ 8000 ದಾಟುತ್ತದೆ. ಎಂದರೆ ಮಾಮೂಲಿ ಕಲ್ಲು ವೆನೇಡಿಯಂ ಕಾರ್ಬೈಡನ್ನು ಕತ್ತರಿಸಲಾರದು. ಸುತ್ತಲಿನ ಮೆತ್ತನೆಯ ಒಡಲನ್ನಷ್ಟೇ ಸವೆಸುತ್ತದೆ. ಕಣ ಮೊಂಡಾಗಿಯೇ ನಿಲ್ಲುತ್ತದೆ, ಇಲ್ಲವೇ ಕಳಚಿ ಬೀಳುತ್ತದೆ. ಅರ್ಧ ಗಂಟೆ ಉಜ್ಜಿದರೂ ಹರಿತ ಬರದ ಚಾಕುವಿನ ಗುಟ್ಟು ಬಹುಪಾಲು ಇದೇ.

ನಿಮ್ಮ ಚಾಕು ಯಾವ ಗುಂಪಿಗೆ ಸೇರಿದ್ದು

ಸಾದಾ ಇಂಗಾಲದ ಉಕ್ಕು: 1075, 1095, ಜಪಾನಿನ ಶಿರೋಗಾಮಿ. ಹೆಚ್ಚಿಗೆ ಬೆರಕೆ ಲೋಹವಿಲ್ಲ, ಕಾರ್ಬೈಡ್ ಸಣ್ಣದು. ಆಓಗಾಮಿ ಇದೇ ಗುಂಪಿನದು, ಸ್ವಲ್ಪ ಟಂಗ್‌ಸ್ಟನ್ ಮತ್ತು ಕ್ರೋಮಿಯಂ ಸೇರಿರುವುದರಿಂದ ಸವೆತವನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. ಮಸೆಯಲು ಇವುಗಳಷ್ಟು ಸುಖ ಕೊಡುವ ಉಕ್ಕು ಬೇರೆ ಇಲ್ಲ.

ಮೆತ್ತನೆಯ ಸ್ಟೇನ್‌ಲೆಸ್: 420, ಎಕ್ಸ್50ಸಿಆರ್‌ಎಂಒವಿ15 ಮುಂತಾದವು. ಎರಡನೆಯದರ ಹೆಸರಿನಲ್ಲೇ ಲೆಕ್ಕವಿದೆ: ಶೇ. 0.5 ಇಂಗಾಲ, ಶೇ. 15 ಕ್ರೋಮಿಯಂ, ಜೊತೆಗೆ ಚೂರು ಮಾಲಿಬ್ಡಿನಂ ಮತ್ತು ವೆನೇಡಿಯಂ.

ಗಟ್ಟಿ ಸ್ಟೇನ್‌ಲೆಸ್: ಎಇಬಿ-ಎಲ್, 14ಸಿ28ಎನ್, ವಿಜಿ-10. ಮೊದಲೆರಡರ ಕಾರ್ಬೈಡ್ ಬಹಳ ಸಣ್ಣದು. ವಿಜಿ-10ರಲ್ಲಿ ಶೇ. 1ರಷ್ಟು ಇಂಗಾಲ, ಶೇ. 15ರಷ್ಟು ಕ್ರೋಮಿಯಂ, ಮೇಲೆ ಕೋಬಾಲ್ಟ್.

ಟೂಲ್ ಸ್ಟೀಲ್: ಡಿ2. ಸುಮಾರು ಶೇ. 1.5 ಇಂಗಾಲ, ಶೇ. 12 ಕ್ರೋಮಿಯಂ. ಕಾರ್ಬೈಡ್ ದಪ್ಪ, ಹರಡಿಕೆಯೂ ಸಮವಿಲ್ಲ. ಕ್ರೋಮಿಯಂನ ಬಹುಪಾಲು ಕಾರ್ಬೈಡ್‌ಗೇ ಹೋಗುವುದರಿಂದ ಇದು ತುಕ್ಕು ಹಿಡಿಯುತ್ತದೆ.

ಪುಡಿ ಲೋಹ ವಿಧಾನದ ಉಕ್ಕು: ಎಸ್30ವಿ, ಎಂ390, ಎಸ್90ವಿ. ಕರಗಿದ ಲೋಹವನ್ನು ಸಿಂಪಡಿಸಿ ಪುಡಿ ಮಾಡಿ, ಶಾಖ ಮತ್ತು ಒತ್ತಡದಲ್ಲಿ ಬೆಸೆಯುತ್ತಾರೆ. ಕಾರ್ಬೈಡ್ ಸಣ್ಣದಾಗಿ ಸಮನಾಗಿ ಹರಡಿರುತ್ತದೆ, ಆದರೆ ಮೊತ್ತ ಜಾಸ್ತಿ. ಎಸ್30ವಿ ಮತ್ತು ಎಂ390ಯಲ್ಲಿ ಸುಮಾರು ಶೇ. 4 ವೆನೇಡಿಯಂ, ಎಸ್90ವಿಯಲ್ಲಿ ಸುಮಾರು ಶೇ. 9.

ಹೆಸರು ಗೊತ್ತಿಲ್ಲದ ಚಾಕುವಿಗೆ ಅಯಸ್ಕಾಂತ ಹಿಡಿದು ನೋಡುವುದರಿಂದ ಏನೂ ತಿಳಿಯುವುದಿಲ್ಲ. ಹದ ಹಾಕಿದ ಸ್ಟೇನ್‌ಲೆಸ್ ಚಾಕುವೂ ಅಂಟುತ್ತದೆ. ಹಿಡಿಯ ಹತ್ತಿರ ಅಲಗಿನ ಮೇಲೆ ಒಂದು ಹನಿ ನಿಂಬೆ ರಸ ಇಟ್ಟು ಹತ್ತು ನಿಮಿಷ ಬಿಡಿ. ಬೂದು ಕಲೆ ಮೂಡಿದರೆ ಇಂಗಾಲದ ಉಕ್ಕು. ಏನೂ ಆಗದಿದ್ದರೆ ಸ್ಟೇನ್‌ಲೆಸ್. ಸ್ಟೇನ್‌ಲೆಸ್‌ನಲ್ಲಿ ಮೆತ್ತನೆಯದೋ ಗಟ್ಟಿಯದೋ ಎಂಬುದು 1000 ಗ್ರಿಟ್ ಕಲ್ಲಿನ (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ) ಮೇಲೆ ಇಪ್ಪತ್ತು ಸಲ ಎಳೆದಾಗ ತಿಳಿಯುತ್ತದೆ: ಮೆತ್ತನೆಯದಾದರೆ ನೀರು ಬೇಗ ಕಪ್ಪಾಗಿ, ದೊಡ್ಡ ಬರ್ ಎದ್ದು ನಿಲ್ಲುತ್ತದೆ, ವೆನೇಡಿಯಂ ಹೆಚ್ಚಿರುವ ಉಕ್ಕು ಗಾಜಿನಂತೆ ಜಾರುತ್ತದೆ, ನೀರು ಹೆಚ್ಚುಕಡಿಮೆ ತಿಳಿಯಾಗಿಯೇ ಉಳಿಯುತ್ತದೆ.

ಕಲ್ಲುಗಳು

ಸಾದಾ ಇಂಗಾಲದ ಉಕ್ಕಿಗೂ ಬಹುಪಾಲು ಸ್ಟೇನ್‌ಲೆಸ್‌ಗೂ ಅಲ್ಯುಮಿನಿಯಂ ಆಕ್ಸೈಡಿನ ನೀರುಗಲ್ಲು ಸಾಕು. ಒಂದು 400, ಒಂದು 1000, ಒಂದು 3000. ಶುರು ಮಾಡುವವರು 1000 ಒಂದನ್ನೇ ತೆಗೆದುಕೊಂಡು ಅದರಲ್ಲಿ ಕೈ ಕುದುರಿಸಿಕೊಳ್ಳುವುದು ಒಳ್ಳೆಯದು. ಡಿ2ಗೆ ಸಿಲಿಕಾನ್ ಕಾರ್ಬೈಡ್ ಅಥವಾ ವಜ್ರದ ತಟ್ಟೆ. ಎಸ್30ವಿಯಿಂದ ಮೇಲಿನವುಗಳಿಗೆ ವಜ್ರ ಅಥವಾ ಸಿಬಿಎನ್ ಬಿಟ್ಟು ಬೇರೆಯದರಲ್ಲಿ ಸಮಯ ಕಳೆಯಬೇಡಿ.

ನೀರುಗಲ್ಲಿನ 1000 ಬೇರೆ, ಉಜ್ಜುಕಾಗದದ ಪಿ1000 ಬೇರೆ. ಎರಡೂ ಬೇರೆ ಬೇರೆ ಮಾನಕಗಳು: ಪಿ1000ರ ಕಣ ಸುಮಾರು 18 ಮೈಕ್ರಾನ್, ಜಪಾನಿ ಮಾನಕದ 1000ದ್ದು ಅದಕ್ಕಿಂತ ನಯ. ವಜ್ರದ ತಟ್ಟೆಯ ಸಂಖ್ಯೆಯನ್ನಂತೂ ಕಲ್ಲಿನ ಸಂಖ್ಯೆಗೆ ಹೋಲಿಸಬೇಡಿ. ಚೂಪು ಕಣಗಳಾದ್ದರಿಂದ ಅದೇ ಸಂಖ್ಯೆಯಲ್ಲೂ ಆಳವಾದ ಗೀರು ಬೀಳುತ್ತದೆ.

ನೆನೆಸುವ ವಿಷಯದಲ್ಲಿ ತಯಾರಕರ ಸೂಚನೆ ಓದಿ. ಕೆಲವು ಕಲ್ಲುಗಳಿಗೆ ಗುಳ್ಳೆ ಬರುವುದು ನಿಲ್ಲುವವರೆಗೆ, ಅಂದರೆ ಹತ್ತು ಹದಿನೈದು ನಿಮಿಷ, ನೀರು ಬೇಕು. ಕೆಲವಕ್ಕೆ ಮೇಲೆ ಚಿಮುಕಿಸಿದರೆ ಸಾಕು. ಮೆಗ್ನೀಷಿಯಾ ಬಂಧಕದ ಕಲ್ಲನ್ನು ನೀರಲ್ಲಿ ಮುಳುಗಿಸಿಟ್ಟರೆ ಮೆತ್ತಗಾಗಿ ಬಿರುಕು ಬಿಡುತ್ತದೆ. ಎಣ್ಣೆ ಹಾಕಿ ಬಳಸಿದ ಕಲ್ಲಿಗೆ ಮತ್ತೆ ನೀರು ಹಿಡಿಯುವುದಿಲ್ಲ, ಹಾಗಾಗಿ ಒಂದು ಕಲ್ಲಿಗೆ ಒಂದೇ ದ್ರವ.

ಕಲ್ಲು ಸಮತಟ್ಟಾಗಿರಲೇಬೇಕು. ಪೆನ್ಸಿಲ್‌ನಿಂದ ಮೇಲ್ಮೈಗೆ ಚೌಕುಳಿ ಗೆರೆ ಎಳೆದು, ಒರಟು ವಜ್ರದ ತಟ್ಟೆಯಿಂದ ಅಥವಾ ದಪ್ಪ ಗಾಜಿನ ಮೇಲಿಟ್ಟ 220ರ ನೀರು ತಾಳುವ ಉಜ್ಜುಕಾಗದದಿಂದ ತಿಕ್ಕಿ. ನಡುವಿನ ಗೆರೆಗಳು ಕೊನೆಗೆ ಅಳಿಸಿದರೆ ಕಲ್ಲು ನಡುವೆ ತಗ್ಗಾಗಿತ್ತು ಎಂದರ್ಥ. ಎಲ್ಲ ಗೆರೆ ಹೋಗುವವರೆಗೆ ತಿಕ್ಕಿ, ಅಂಚುಗಳನ್ನು ತುಸು ಗುಂಡಗೆ ಮಾಡಿ.

ಕೋನ

ಕೋನವನ್ನು ಕಣ್ಣಂದಾಜಿಗೆ ಬಿಡುವುದಕ್ಕಿಂತ ಬೆನ್ನಿನ ಎತ್ತರಕ್ಕೆ ಇಳಿಸಿಕೊಳ್ಳಿ. ಅಂಚಿನಿಂದ ಬೆನ್ನಿನವರೆಗೆ 45 ಮಿಲಿಮೀಟರ್ ಅಗಲವಿರುವ ಅಲಗಿಗೆ 10 ಡಿಗ್ರಿ ಬೇಕಾದರೆ ಬೆನ್ನು ಕಲ್ಲಿನಿಂದ ಸುಮಾರು 8 ಮಿ.ಮೀ. ಮೇಲಿರಬೇಕು, 15 ಡಿಗ್ರಿಗೆ 11.5, 20 ಡಿಗ್ರಿಗೆ 15.5. ಬೇರೆ ಅಗಲವಿದ್ದರೆ 10 ಡಿಗ್ರಿಗೆ 0.17ರಿಂದ, 15ಕ್ಕೆ 0.26ರಿಂದ, 20ಕ್ಕೆ 0.34ರಿಂದ ಗುಣಿಸಿ. ಈ ಎತ್ತರ ಬೆನ್ನಿನ ದಪ್ಪದ ನಡುಗೆರೆಗೆ. ಬೆನ್ನು 2 ಮಿ.ಮೀ. ದಪ್ಪವಿದ್ದರೆ ಕೆಳಗಿನ ಸಂದು 1 ಮಿ.ಮೀ. ಕಡಿಮೆ ಇರುತ್ತದೆ. ಅಷ್ಟು ಎತ್ತರಕ್ಕೆ ನಾಣ್ಯಗಳನ್ನು ಪೇರಿಸಿ, ಅವುಗಳ ಮೇಲೆ ಬೆನ್ನನ್ನು ಒರಗಿಸಿ ಕೈಗೆ ಆ ಎತ್ತರ ಗೊತ್ತು ಮಾಡಿಸಿ, ಆಮೇಲೆ ನಾಣ್ಯ ತೆಗೆಯಿರಿ.

ಮೆತ್ತನೆಯ ಸ್ಟೇನ್‌ಲೆಸ್‌ಗೆ ಪ್ರತಿ ಬದಿ 18–20 ಡಿಗ್ರಿ. ಇದಕ್ಕಿಂತ ಇಳಿಸಿದರೆ ಅಂಚು ಬೇಗ ಮಡಚಿಕೊಳ್ಳುತ್ತದೆ. ಸಾದಾ ಇಂಗಾಲದ ಗಟ್ಟಿ ಉಕ್ಕು ಮತ್ತು ಎಇಬಿ-ಎಲ್ 12–15ರಲ್ಲಿ ಚೆನ್ನಾಗಿ ನಿಲ್ಲುತ್ತವೆ. ವಿಜಿ-10ಗೆ 15, ಅದಕ್ಕಿಂತ ಕೆಳಗೆ ಚಕ್ಕೆ ಏಳುತ್ತದೆ. ಡಿ2ಗೆ 17–20. ಪುಡಿ ಲೋಹದವುಗಳಿಗೆ 15–18. ಮೂಳೆ, ಹೆಪ್ಪುಗಟ್ಟಿದ ಪದಾರ್ಥ ಕಡಿಯುವ ಚಾಕುವಾದರೆ ಉಕ್ಕು ಯಾವುದೇ ಇರಲಿ, 20ಕ್ಕಿಂತ ಇಳಿಯಬೇಡಿ.

ಮಸೆಯುವ ಕ್ರಮ

ಒದ್ದೆ ಬಟ್ಟೆಯ ಮೇಲೆ ಕಲ್ಲು ಇಡಿ, ಅಲುಗಾಡಬಾರದು. ಎತ್ತರ ಸೊಂಟದ ಮಟ್ಟಕ್ಕಿರಲಿ. ಅಂಚಿನ ಎರಡೂ ಬದಿಗೆ ಕಪ್ಪು ಮಾರ್ಕರ್ ಬಳಿಯಿರಿ. ಮೊದಲ ನಾಲ್ಕು ಎಳೆತದ ನಂತರ ನಿಲ್ಲಿಸಿ ನೋಡಿ: ಮಸಿ ಅಂಚಿನ ತುತ್ತತುದಿಯವರೆಗೆ ಹೋಗಿದ್ದರೆ ಕೋನ ಸರಿ. ತುದಿಯಲ್ಲಿ ಕಪ್ಪು ಗೆರೆ ಉಳಿದು ಮೇಲ್ಭಾಗ ಮಾತ್ರ ಬೆಳ್ಳಗಾಗಿದ್ದರೆ ಬೆನ್ನನ್ನು ಎತ್ತಬೇಕು. ತುದಿಯಷ್ಟೇ ಬೆಳ್ಳಗಾಗಿದ್ದರೆ ಇಳಿಸಬೇಕು. ಮಾರ್ಕರ್ ಬಳಸದೆ ಗಂಟೆಗಟ್ಟಲೆ ಉಜ್ಜುವವರು ಬಹಳ ಸಲ ಅಂಚನ್ನು ಮುಟ್ಟಿಯೇ ಇರುವುದಿಲ್ಲ.

ಅಂಚು ತೀರಾ ಮೊಂಡಾಗಿದ್ದರೆ ಅಥವಾ ಹಲ್ಲು ಬಿದ್ದಿದ್ದರೆ 400ರಿಂದ, ಇಲ್ಲದಿದ್ದರೆ ನೇರ 1000ದಿಂದ ಶುರು ಮಾಡಿ. ಬಲಗೈಯಲ್ಲಿ ಹಿಡಿ, ಎಡಗೈಯ ಎರಡು ಬೆರಳು ಅಂಚಿನ ಹಿಂದೆ ಅಲಗಿನ ಮೇಲೆ. ಬೆರಳು ಎಲ್ಲಿದೆಯೋ ಕಲ್ಲು ಅಲ್ಲೇ ಕಚ್ಚುತ್ತದೆ, ಆದ್ದರಿಂದ ಹಿಮ್ಮಡಿಯಿಂದ, ಅಂದರೆ ಹಿಡಿಯ ಬಳಿಯ ಅಂಚಿನಿಂದ, ತುದಿಯವರೆಗೆ ಬೆರಳನ್ನು ಸರಿಸುತ್ತಾ ಮೂರು ನಾಲ್ಕು ಭಾಗಗಳಲ್ಲಿ ಮಸೆಯಿರಿ. ತುದಿಯ ಬಾಗಿಗೆ ಬಂದಾಗ ಮೊಣಕೈಯನ್ನು ತುಸು ಎತ್ತಿ, ಬಾಗಿನ ಆ ಭಾಗ ಕಲ್ಲಿಗೆ ತಾಗುವಂತೆ ನೋಡಿಕೊಳ್ಳಿ.

ಒತ್ತಡ ಎಷ್ಟು ಎಂಬುದನ್ನು ತೂಕದ ಯಂತ್ರದ ಮೇಲೆ ಕಲ್ಲಿಟ್ಟು ಒಮ್ಮೆ ಅಳೆದು ನೋಡಿ. ಒರಟು ಕಲ್ಲಿನಲ್ಲಿ ಒಂದೂವರೆಯಿಂದ ಎರಡು ಕಿಲೋ, 1000ದಲ್ಲಿ ಒಂದು ಕಿಲೋ, ಮುಗಿಸುವ ಎಳೆತಗಳಲ್ಲಿ ಇನ್ನೂರು ಗ್ರಾಂ. ವಜ್ರದ ತಟ್ಟೆಯಲ್ಲಿ ಅರ್ಧ ಕಿಲೋ ಮೀರಬೇಡಿ. ಒತ್ತಿದರೆ ನಿಕ್ಕಲ್ ಲೇಪದಿಂದ ವಜ್ರದ ಕಣಗಳೇ ಕಿತ್ತುಬರುತ್ತವೆ.

ಒಂದು ಬದಿಯನ್ನು ಬರ್ ಏಳುವವರೆಗೆ ಮಸೆಯಿರಿ. ಎಣಿಸಿ ಮಸೆಯುವುದಕ್ಕಿಂತ ಬರ್ ನೋಡಿ ಮಸೆಯುವುದೇ ಲೇಸು. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನಾಚೆಗೆ, ಅಡ್ಡಕ್ಕೆ, ಹಗುರವಾಗಿ ಸವರಿ; ಅಂಚಿನ ಉದ್ದಕ್ಕೆ ಎಂದೂ ಸವರಬೇಡಿ. ಮಸೆಯದ ಬದಿಯಲ್ಲಿ ಚರ್ಮಕ್ಕೆ ಸಣ್ಣಗೆ ತೊಡರುವಂಥದ್ದು ಸಿಗುತ್ತದೆ. ಅದೇ ಬರ್: ಅಂಚು ಪೂರ್ತಿ ಸವೆದು ಆಚೆಗೆ ಬಾಗಿ ನಿಂತ ಲೋಹದ ತೆಳು ಎಳೆ. ಅದು ಹಿಮ್ಮಡಿಯಿಂದ ತುದಿಯವರೆಗೆ ಎಲ್ಲೂ ತುಂಡಾಗದೆ ಸಿಗಬೇಕು. ಒಂದು ಸೆಂಟಿಮೀಟರ್ ಬಿಟ್ಟುಹೋಗಿದ್ದರೂ ಆ ಭಾಗ ಇನ್ನೂ ಮೊಂಡು. ಸಿಕ್ಕ ಮೇಲೆ ಬದಿ ಬದಲಿಸಿ, ಮತ್ತೆ ಬರ್ ಈಚೆಗೆ ಬರುವವರೆಗೆ ಮಸೆಯಿರಿ.

ಬರ್ ತೆಗೆಯುವುದು

ಮಸೆದ ದಿನ ಅದ್ಭುತವಾಗಿ ಕತ್ತರಿಸಿ, ಮರುದಿನ ಮೊಂಡಾಗುವ ಚಾಕುವಿನಲ್ಲಿ ಹರಿತ ಹೋಗಿರುವುದಿಲ್ಲ, ಹರಿತವೇ ಬಂದಿರುವುದಿಲ್ಲ. ಕತ್ತರಿಸಿದ್ದು ನೆಟ್ಟಗೆ ನಿಂತಿದ್ದ ಬರ್. ಅದು ಮಡಚಿ ಬಿದ್ದ ಕೂಡಲೇ ಆಟ ಮುಗಿಯಿತು.

ಕಲ್ಲಿನ ಮೇಲೆಯೇ ಬರ್ ಅನ್ನು ಸಣ್ಣದು ಮಾಡಬೇಕು. ಎರಡೂ ಬದಿಯಲ್ಲಿ ಬರ್ ಎದ್ದ ಮೇಲೆ, ಅದೇ ಕಲ್ಲಿನಲ್ಲಿ ಅಂಚು ಮುಂದಾಗಿ, ಕಲ್ಲಿನಿಂದ ತೆಳು ಪದರ ಕೊಯ್ಯುವ ದಿಕ್ಕಿನಲ್ಲಿ ಎಳೆಯಿರಿ: ಒಂದು ಬದಿ ಐದು, ಇನ್ನೊಂದು ಬದಿ ಐದು, ಆಮೇಲೆ ಮೂರು-ಮೂರು, ಆಮೇಲೆ ಒಂದೊಂದು, ಹತ್ತು ಸಲ. ಪ್ರತಿ ಸುತ್ತಿಗೂ ಒತ್ತಡ ಇಳಿಯುತ್ತಾ ಹೋಗಿ, ಕೊನೆಗೆ ಚಾಕುವಿನ ತೂಕವಷ್ಟೇ ಉಳಿಯಬೇಕು. ಇನ್ನೂ ಬೆರಳಿಗೆ ತೊಡರಿದರೆ, ಬೆನ್ನನ್ನು ಎರಡು ಮೂರು ಡಿಗ್ರಿ ಹೆಚ್ಚಿಗೆ ಎತ್ತಿ ಪ್ರತಿ ಬದಿಗೆ ಒಂದೆರಡು ಅತಿ ಹಗುರ ಎಳೆತ ಕೊಡಿ. ಆ ಚೂರು ಎತ್ತರ ಬರ್‌ನ ಬುಡವನ್ನೇ ಕೊಯ್ಯುತ್ತದೆ.

ಉಕ್ಕಿನ ಸ್ವಭಾವ ಇಲ್ಲೇ ಹೆಚ್ಚು ಎದ್ದು ಕಾಣುವುದು. ಸಾದಾ ಇಂಗಾಲದ ಉಕ್ಕಿನ ಬರ್ ಗರಿಗರಿಯಾಗಿದ್ದು ನಾಲ್ಕು ಎಳೆತಕ್ಕೆ ಕಳಚುತ್ತದೆ. ಮೆತ್ತನೆಯ ಸ್ಟೇನ್‌ಲೆಸ್‌ನದು ಜಿಗುಟು. ಈ ಕಡೆ ತಳ್ಳಿದರೆ ಆ ಕಡೆ, ಆ ಕಡೆ ತಳ್ಳಿದರೆ ಈ ಕಡೆ ವಾಲುತ್ತದೆಯೇ ಹೊರತು ಬೀಳುವುದಿಲ್ಲ. ಇದಕ್ಕೆ ಮೇಲೆ ಹೇಳಿದ ಎತ್ತರಿಸಿದ ಎಳೆತವೇ ಮದ್ದು. ಜೊತೆಗೆ, ಬರ್ ಎದ್ದ ಮೇಲೂ ಉಜ್ಜುತ್ತಲೇ ಇರಬೇಡಿ. ದೊಡ್ಡದಾದಷ್ಟೂ ತೆಗೆಯುವ ಕಷ್ಟ ಹೆಚ್ಚು. ವಿಜಿ-10ರ ಬರ್ ಕಣ್ಣಿಗೆ ಕಾಣದಷ್ಟು ತೆಳುವಾಗಿ ಅಂಟಿಕೊಂಡೇ ಇರುತ್ತದೆ. ದೀಪದ ಕೆಳಗೆ ಅಂಚನ್ನು ಮೇಲ್ಮುಖವಾಗಿ ಹಿಡಿದು ನಿಧಾನಕ್ಕೆ ಹೊರಳಿಸಿ: ಮಿನುಗುವ ಗೆರೆ ಅಥವಾ ಚುಕ್ಕಿ ಕಂಡಲ್ಲಿ ಬರ್ ಇದೆ, ಇಲ್ಲವೇ ಅಂಚು ಮೊಂಡಾಗಿದೆ. ಹರಿತವಾದ ಅಂಚು ಬೆಳಕನ್ನು ಹಿಂದಕ್ಕೆ ಕಳಿಸುವುದಿಲ್ಲ.

ಕೊನೆಗೆ ಚರ್ಮದ ಪಟ್ಟಿ. ಗಟ್ಟಿ ಹಲಗೆಗೆ ಅಂಟಿಸಿದ ಚರ್ಮದ ಮೇಲೆ, ಈ ಬಾರಿ ಅಂಚು ಹಿಂದಾಗಿ, ಪ್ರತಿ ಬದಿಗೆ ಎಂಟು ಹತ್ತು ಸಲ ಎಳೆಯಿರಿ. ಬೆನ್ನು ಎತ್ತಬೇಡಿ. ಚರ್ಮ ತಗ್ಗಿ ಅಂಚನ್ನು ಸುತ್ತಿಕೊಳ್ಳುವುದರಿಂದ ಜೋರಾಗಿ ಒತ್ತಿದರೆ ಹರಿತ ಗುಂಡಗಾಗುತ್ತದೆ. ಸಾದಾ ಉಕ್ಕಿಗೂ ಸ್ಟೇನ್‌ಲೆಸ್‌ಗೂ ಹಸಿರು ಕ್ರೋಮಿಯಂ ಆಕ್ಸೈಡ್ ಪೇಸ್ಟ್ ನಡೆಯುತ್ತದೆ. ವೆನೇಡಿಯಂ ಉಕ್ಕಿಗೆ 1 ಮೈಕ್ರಾನ್ ವಜ್ರದ ಪೇಸ್ಟೇ ಆಗಬೇಕು.

ಎಲ್ಲಿಗೆ ನಿಲ್ಲಿಸಬೇಕು

ನಯವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಎಲ್ಲ ಉಕ್ಕಿಗೂ ಸಲ್ಲದು. ಮೆತ್ತನೆಯ ಸ್ಟೇನ್‌ಲೆಸ್ ಅನ್ನು 1000ಕ್ಕೆ ನಿಲ್ಲಿಸಿ. ಆ ಸಣ್ಣ ಗೀರುಗಳೇ ಟೊಮ್ಯಾಟೊ ಸಿಪ್ಪೆಯನ್ನು, ನಾರನ್ನು ಕಚ್ಚುವುದು. ಅದರಾಚೆ ತಂದ ಹೊಳಪು ಒಂದೆರಡು ದಿನದ ಕೆಲಸಕ್ಕೂ ನಿಲ್ಲುವುದಿಲ್ಲ. ಶಿರೋಗಾಮಿ 6000, 8000ದವರೆಗೂ ಹೋಗಲು ಯೋಗ್ಯ, ತೆಳುವಾಗಿ ಒಂದೇ ಎಳೆತಕ್ಕೆ ಕೊಯ್ಯುವ ಕೆಲಸಕ್ಕೆ ಆ ನಯ ಬೇಕು. ವಿಜಿ-10, ಎಇಬಿ-ಎಲ್‌ಗೆ 3000 ಹಿತ. ಡಿ2ವನ್ನು 600ರಿಂದ 1000ದೊಳಗೆ ಮುಗಿಸುವುದು ಉತ್ತಮ. ದಪ್ಪ ಕಾರ್ಬೈಡ್‌ಗಳಿರುವ ಅಂಚನ್ನು ಕನ್ನಡಿಯಂತೆ ಮಾಡಲು ಹೋದರೆ ಅವು ಕಳಚಿ ಸಣ್ಣ ಗುಳಿಗಳು ಉಳಿಯುತ್ತವೆ. ಪುಡಿ ಲೋಹದವುಗಳನ್ನು 600–1200 ವಜ್ರದ ತಟ್ಟೆಯ ನಂತರ ನೇರ ವಜ್ರದ ಪಟ್ಟಿಗೆ ತರಬಹುದು.

ಅಂಚಿನ ಹಿಂದಿನ ದಪ್ಪ

ಹರಿತವಿದ್ದೂ ಕ್ಯಾರೆಟ್‌ನಂಥ ಗಟ್ಟಿ ತರಕಾರಿ ಕೊಯ್ಯುವಾಗ ಬಿರುಕು ಬಿಡಿಸಿಕೊಂಡು ಹೋಗುವ ಚಾಕು ದಪ್ಪಗಾಗಿದೆ ಎಂದರ್ಥ. ಅಲಗು ಬೆನ್ನಿನಿಂದ ಅಂಚಿಗೆ ತೆಳುವಾಗುತ್ತಾ ಬರುವುದರಿಂದ, ಪ್ರತಿ ಸಾಣೆಯೂ ಅಂಚನ್ನು ದಪ್ಪ ಭಾಗದೊಳಕ್ಕೆ ತಳ್ಳುತ್ತದೆ. ಅಡುಗೆ ಚಾಕುವಿನಲ್ಲಿ ಅಂಚಿನ ಪಟ್ಟೆಯ ಸರಿ ಹಿಂದೆ 0.2–0.4 ಮಿ.ಮೀ. ಇದ್ದರೆ ಚೆಂದ, ವರ್ನಿಯರ್‌ನಲ್ಲಿ ಅಳೆಯಬಹುದು. ಅರ್ಧ ಮಿಲಿಮೀಟರ್ ದಾಟಿದ್ದರೆ 400ರ ಕಲ್ಲಿನಲ್ಲಿ 5–7 ಡಿಗ್ರಿಗೆ ಮಲಗಿಸಿ, ಎರಡೂ ಬದಿಯಿಂದ ಸಮನಾಗಿ ಲೋಹ ತೆಗೆಯಿರಿ. ಅಂಚನ್ನು ಮುಟ್ಟುವ ತುಸು ಮೊದಲೇ ನಿಲ್ಲಿಸಿ, ಆಮೇಲೆ ಮಾಮೂಲಿ ಕೋನದಲ್ಲಿ ಅಂಚು ಕಟ್ಟಿ. ಅಲಗಿನ ಮೈಮೇಲೆ ಗೀರು ಬೀಳುತ್ತದೆ. ಕತ್ತರಿಸುವ ಸುಖದ ಮುಂದೆ ಅದು ಲೆಕ್ಕಕ್ಕಿಲ್ಲ.

ಎಡವಟ್ಟಾಗುವುದು ಎಲ್ಲಿ

ಎಷ್ಟು ಮಸೆದರೂ ಬರ್ ಏಳದಿದ್ದರೆ ಮೂರರಲ್ಲೊಂದು ಕಾರಣ. ಕೋನ ತೀರಾ ಕಡಿಮೆಯಾಗಿ ಅಂಚು ಕಲ್ಲಿಗೆ ತಾಗುತ್ತಿಲ್ಲ, ಕಲ್ಲಿನ ರಂಧ್ರಗಳಲ್ಲಿ ಲೋಹದ ಪುಡಿ ತುಂಬಿಕೊಂಡಿದೆ, ಇಲ್ಲವೇ ಅಷ್ಟು ಮೊಂಡು ಅಂಚಿಗೆ ಅತಿ ನಯವಾದ ಕಲ್ಲು ಹಿಡಿದಿದ್ದೀರಿ. ಹಿಮ್ಮಡಿಯ ಹತ್ತಿರ ಹಲಗೆಗೆ ತಾಗದ ಸಂದು ಬಿದ್ದಿದ್ದರೆ ಕಲ್ಲು ತಗ್ಗಾಗಿದೆ, ಅಥವಾ ಹಿಡಿಯ ಮುಂದಿನ ದಪ್ಪ ಲೋಹ ಅಂಚಿನವರೆಗೂ ಇಳಿದಿದ್ದು ಮಸೆಯಲು ಅಡ್ಡಬರುತ್ತಿದೆ. ಆ ಲೋಹವನ್ನೂ ಅರದಿಂದ ತುಸು ಇಳಿಸಬೇಕು. ತುದಿ ಗುಂಡಗಾಗುತ್ತಿದ್ದರೆ ಪ್ರತಿ ಎಳೆತದ ಕೊನೆಯಲ್ಲಿ ತುದಿ ಕಲ್ಲಿನಿಂದ ಜಾರಿ ಕೆಳಗಿಳಿಯುತ್ತಿದೆ. ಕಲ್ಲಿನ ಮೇಲೆಯೇ ನಿಲ್ಲಿಸಿ.

ಹೊಸ ಚಾಕುವಿನ ಅಂಚು ವಿನಾಕಾರಣ ಚಕ್ಕೆ ಏಳುತ್ತಿದ್ದರೆ ಕೂಡಲೇ ಉಕ್ಕನ್ನು ದೂರಬೇಡಿ. ಕಾರ್ಖಾನೆಯ ಸಾಣೆ ಬೆಲ್ಟಿನ ಬಿಸಿಗೆ ಅಂಚಿನ ಲೋಹ ಕೆಟ್ಟಿರಬಹುದು. ಎರಡು ಮೂರು ಸಲ ಪೂರ್ತಿ ಸಾಣೆ ಹಿಡಿದ ಮೇಲೆ ಒಳಗಿನ ಒಳ್ಳೆಯ ಲೋಹ ಸಿಗುತ್ತದೆ.

ಬಿಸಿಯ ವಿಷಯಕ್ಕೆ ಬಂದರೆ, ಒಣ ಸಾಣೆಚಕ್ರ ಚಾಕುವಿನ ಶತ್ರು. ಸಾದಾ ಇಂಗಾಲದ ಉಕ್ಕಿಗೆ ಸಾಮಾನ್ಯವಾಗಿ 150–230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದ ಹಾಕಿರುತ್ತಾರೆ. ಚಕ್ರದ ಮೇಲೆ ತೆಳು ಅಂಚು ಕ್ಷಣಾರ್ಧದಲ್ಲಿ ಅದನ್ನು ದಾಟುತ್ತದೆ. ನೀಲಿ ಬಣ್ಣ ಕಂಡರೆ 300ರ ಹತ್ತಿರ ಹೋಗಿದೆ, ಆ ಭಾಗ ಮೆತ್ತಗಾಗಿದೆ, ನೀರಲ್ಲಿ ಅದ್ದಿದರೆ ಮರಳುವುದಿಲ್ಲ. ಅಷ್ಟೂ ಲೋಹವನ್ನು ಸವೆಸಿ ತೆಗೆಯಬೇಕು. ಸ್ಟೇನ್‌ಲೆಸ್‌ನಲ್ಲಿ ಬಣ್ಣ ಇನ್ನೂ ಹೆಚ್ಚಿನ ಬಿಸಿಗೆ ಮೂಡುವುದರಿಂದ ಎಚ್ಚರಿಕೆಯೇ ಸಿಗುವುದಿಲ್ಲ.

ದಿನಬಳಕೆಯಲ್ಲಿ

ಗೆರೆಗಳಿರುವ ಉಕ್ಕಿನ ಸಲಾಕೆ 57 ಎಚ್‌ಆರ್‌ಸಿವರೆಗಿನ ಚಾಕುಗಳಿಗೆ ಮಾತ್ರ. ಪ್ರತಿ ಬದಿಗೆ ನಾಲ್ಕೈದು ಹಗುರ ಎಳೆತ, ಅಂಚಿನ ಕೋನಕ್ಕಿಂತ ಕೂದಲೆಳೆಯಷ್ಟು ಹೆಚ್ಚು. 60ಕ್ಕೆ ಮೇಲ್ಪಟ್ಟ ಗಟ್ಟಿ ಅಲಗನ್ನು ಅದರ ಮೇಲೆ ಬೀಸಿದರೆ ಚಕ್ಕೆ ಏಳುತ್ತದೆ. ಅವಕ್ಕೆ ನಯವಾದ ಸೆರಾಮಿಕ್ ಸಲಾಕೆ ಅಥವಾ ಚರ್ಮದ ಪಟ್ಟಿ. ಹಲ್ಲಿನ ಅಂಚಿನ ಚಾಕುವಿಗೆ ಕಲ್ಲು ಬೇಡ: ಕೊನೆಗೆ ಸಪೂರವಾಗುವ ವಜ್ರದ ಕಡ್ಡಿಯನ್ನು ಪ್ರತಿ ಗುಳಿಗೂ ಇಳಿಜಾರಿರುವ ಬದಿಯಿಂದ ಮೂರು ನಾಲ್ಕು ಸಲ ಆಡಿಸಿ, ಚಪ್ಪಟೆ ಬದಿಯ ಬರ್ ಅನ್ನು ಚರ್ಮದ ಮೇಲೆ ತೆಗೆಯಿರಿ.

ಸಾದಾ ಇಂಗಾಲದ ಉಕ್ಕು ಹೊಸದಾಗಿ ಮಸೆದಾಗ ಬರಿಮೈಯಲ್ಲಿರುತ್ತದೆ, ಕೆಲವೇ ನಿಮಿಷದಲ್ಲಿ ಕೆಂಪು ಚುಕ್ಕಿ ಬರಬಹುದು. ಕಲ್ಲು ಬದಲಿಸುವಾಗಲೂ ಒರೆಸಿ, ಮುಗಿದ ಮೇಲೆ ತೊಳೆದು, ಒಣಗಿಸಿ, ಒಂದು ಹನಿ ಎಣ್ಣೆ ಸವರಿ. ಡಿ2ಗೂ ಇದೇ ಉಪಚಾರ. ಬಳಸುತ್ತಾ ಮೂಡುವ ಬೂದು-ನೀಲಿ ಪದರವನ್ನು ಉಜ್ಜಿ ತೆಗೆಯಬೇಡಿ, ಅದು ತುಕ್ಕನ್ನು ತಡೆಯುತ್ತದೆ. ಕೆಂಪು ಕಂಡರೆ ಮಾತ್ರ ತೆಗೆಯಿರಿ. ಕಲ್ಲುಗಳನ್ನು ತೊಳೆದು ನೆರಳಿನಲ್ಲಿ, ಗಾಳಿ ಎಲ್ಲ ಬದಿಗೂ ಆಡುವಂತೆ ಅಂಚಿನ ಮೇಲೆ ನಿಲ್ಲಿಸಿ ಒಣಗಿಸಿ. ಬಿಸಿಲಿಗಿಟ್ಟರೆ ಬಿರಿಯುತ್ತವೆ, ಒದ್ದೆಯಾಗಿ ಡಬ್ಬಿಯೊಳಗೆ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ.